ಭೀಮೆ ದಾಟಿದ ಮೇಲೆ

ಕಾರಿನೊಳಗಿನ ತಂಪು ಗಾಳಿಯು ಭೋಗವೋ ಅಗತ್ಯವೋ ಎಂಬ ಜಿಜ್ಞಾಸೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತವರಿಗೆ ಒಪ್ಪುವಂಥದು. ಅಲ್ಲಿ ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿದರೆ ವಾದ ಬಹುಮಟ್ಟಿಗೆ ಮುಗಿಯುತ್ತದೆ. ಕಲಬುರಗಿಯ ಸೀಮೆಯಲ್ಲಿ ಚೈತ್ರ ಕಳೆದು ವೈಶಾಖ ಬಂತೆಂದರೆ, ಇಳಿಸಿದ ಗಾಜಿನಿಂದ ಒಳಕ್ಕೆ ನುಗ್ಗುವುದು ಗಾಳಿಯಲ್ಲ, ಒಲೆಯ ಬಾಯಿಯ ಝಳ. ತೊಗರಿ ಕೊಯ್ದು ಬರಿದಾದ ಎರೆಭೂಮಿ ಮೈಬಿರಿದು ಮಲಗಿರುತ್ತದೆ. ದಾರಿಯ ಉದ್ದಕ್ಕೂ ನೆರಳೆಂಬುದು ಅಲ್ಲೊಂದು ಇಲ್ಲೊಂದು ಬೇವಿನ ಮರದ ಕೆಳಗೆ ಮಾತ್ರ. ಉಷ್ಣಮಾಪಕವು 40 ಡಿಗ್ರಿಯನ್ನು ದಾಟುವುದು ಅಲ್ಲಿಯ ಜನಕ್ಕೆ ಸುದ್ದಿಯೇ ಅಲ್ಲ.

ಆ ಸೀಮೆಯಲ್ಲಿ, ಜೇವರ್ಗಿಯಿಂದಲೂ ಆಚೆಗಿರುವ ಒಂದು ಊರಿನಲ್ಲಿ, 32 ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಮಿತವ್ಯಯವು ಅವರಿಗೆ ವ್ರತವಲ್ಲ, ಸ್ವಭಾವ. ಹನ್ನೊಂದು ವರ್ಷ ಹಳೆಯದಾದ ಸಣ್ಣ ಕಾರೊಂದು ಅವರಲ್ಲುಂಟು. ಅದರ ತಂಪು ಗಾಳಿಯ ಗುಂಡಿಯನ್ನು ಅವರು ಒತ್ತುತ್ತಿದ್ದುದು ಬೀಗರು ಕುಳಿತಿದ್ದಾಗ ಮಾತ್ರ. ಬೀಗರು ಇಳಿದೊಡನೆ ಗುಂಡಿಯೂ ಆರುತ್ತಿತ್ತು. ಪೆಟ್ರೋಲಿನ ಬೆಲೆಯನ್ನು ಬಲ್ಲ ಗೃಹಸ್ಥರು ಇದನ್ನು ಜಿಪುಣತನವೆನ್ನಲಾರರು.

ಹೀಗಿರಲು ಅವರ ಪತ್ನಿಯ ಮೂತ್ರಪಿಂಡಗಳು ಕೆಲಸವನ್ನು ಕೈಬಿಟ್ಟವು. ವಾರಕ್ಕೆ ಮೂರು ದಿನ ಕಲಬುರಗಿಯ ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆಗಳ ಕಾಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ಬರುವುದು ಆಕೆಯ ಪಾಲಿಗೆ ಬಂದಿತು. ಬೆಳಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಮರಳುವ ಪ್ರಯಾಣ. ಈ ರೋಗದಲ್ಲಿ ಹೊರಗಿನವರಿಗೆ ತಿಳಿಯದ ಒಂದು ಕಷ್ಟವಿದೆ. ಕುಡಿದ ನೀರು ದೇಹದಿಂದ ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ನೀರನ್ನು ಅಳೆದು ಕುಡಿಯಬೇಕು. ಆಕೆಗೆ ವೈದ್ಯರು ವಿಧಿಸಿದ್ದುದು ದಿನವೊಂದಕ್ಕೆ ಮುಕ್ಕಾಲು ಲೀಟರು. ಚಹಾ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲವೂ ಆ ಲೆಕ್ಕದ ಒಳಗೇ. ಬಿಸಿಲು ಬಾಯಾರಿಸುತ್ತದೆ, ಬಾಯಾರಿದವರು ನೀರು ಕುಡಿಯುವಂತಿಲ್ಲ. ಡಯಾಲಿಸಿಸ್ ಮುಗಿಸಿ ಎದ್ದಾಗ ರಕ್ತದೊತ್ತಡ ಇಳಿದು, ಕಾಲಿನ ಮೀನಖಂಡ ಸೆಳೆದು, ಕಣ್ಣಿಗೆ ಕತ್ತಲೆ ಕವಿಯುವುದೂ ಉಂಟು. ಅಂಥವರನ್ನು ಕಾದ ತಗಡಿನ ಪೆಟ್ಟಿಗೆಯಲ್ಲಿ ಒಂದು ಗಂಟೆಗೂ ಮಿಕ್ಕಿ ಕುಳ್ಳಿರಿಸುವುದೆಂದರೇನೆಂಬುದನ್ನು ಮಾಸ್ತರರು ಮೊದಲ ವಾರದಲ್ಲಿಯೇ ಕಂಡರು. ಗುಂಡಿ ಆ ದಿನದಿಂದ ಆರಲಿಲ್ಲ.

ಗುಂಡಿ ಆರದಿದ್ದರೂ ತಂಪು ಆರತೊಡಗಿತು. ಏಪ್ರಿಲ್ ತಿಂಗಳ ಮೂರನೆಯ ವಾರದಲ್ಲಿ, ಮರಳಿ ಬರುವ ದಾರಿಯಲ್ಲಿ, ಭೀಮಾ ನದಿಯ ಸೇತುವೆಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಬರುತ್ತಿದ್ದ ಗಾಳಿ ಬೆಚ್ಚಗಾಯಿತು. ಫ್ಯಾನು ಎಂದಿನ ರಭಸದಿಂದಲೇ ಬೀಸುತ್ತಿತ್ತು, ಗುಂಡಿಯ ಮೇಲಿನ ದೀಪ ಉರಿಯುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಮನೆ ಸೇರಿ, ಗಾಡಿ ಆರಿ, ಸಂಜೆ ಮತ್ತೆ ಚಾಲೂ ಮಾಡಿದರೆ ಹಿಮಾಲಯದ ಗಾಳಿ! ಮರುಸಲ ಹೋದಾಗಲೂ ಹಾಗೆಯೇ. ಹೋಗುವಾಗ ಸರಿ, ಬರುವಾಗ ಭೀಮೆಯವರೆಗೆ ಸರಿ, ಭೀಮೆ ದಾಟಿದ ಮೇಲೆ ಬಿಸಿ. “ಆ ಭೀಮವ್ವಗ ನಮ್ಮ ತಂಪು ಆಗಿಬರೂದಿಲ್ಲ ನೋಡ್ರಿ” ಎಂದು ಆಕೆ ಒದ್ದೆ ವಸ್ತ್ರವನ್ನು ಹಣೆಗೆ ಒತ್ತಿಕೊಂಡು ನಕ್ಕರು. ಮಾಸ್ತರರಿಗೆ ನಗು ಬರಲಿಲ್ಲ.

ದುರಸ್ತಿಗೆ ಹೋದ ಮೊದಲನೆಯ ಕಾರ್ಖಾನೆಯವರು “ಗ್ಯಾಸ್ ಕಡಿಮೆಯಾಗಿದೆ” ಎಂದು ಗ್ಯಾಸ್ ತುಂಬಿ ಕಳುಹಿದರು. ಇಲ್ಲಿ ಒಂದು ಮಾತು ಹೇಳತಕ್ಕದ್ದಿದೆ. ಕಾರಿನ ಶೈತ್ಯಕಾರಿ ಅನಿಲವು ಪೆಟ್ರೋಲಿನಂತೆ ಉರಿದು ಖರ್ಚಾಗುವ ಪದಾರ್ಥವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವಂಥದು. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ, ಸೋರಿಕೆಯನ್ನು ಹುಡುಕದೆ ತುಂಬುವುದು ಒಡಕು ಕೊಡಕ್ಕೆ ನೀರು ಹೊತ್ತಂತೆ. ಇಲ್ಲಿಯಂತೂ ಸೋರಿಕೆಯೂ ಇರಲಿಲ್ಲ. ಸಂಜೆಯ ಹೊತ್ತಿಗೆ ತಾನಾಗಿ ಮರಳಿ ಬರುವ ಗ್ಯಾಸನ್ನು ಯಾರೂ ಕಂಡವರಿಲ್ಲ!

ಎರಡನೆಯ ಕಾರ್ಖಾನೆ ದೊಡ್ಡದು. ನೆಲಕ್ಕೆ ಹೊಳಪಿನ ಹಾಸು, ಕುಳಿತುಕೊಳ್ಳಲು ಸೋಫಾ. ಅಲ್ಲಿಯ ತರುಣನು ಬಾನೆಟ್ ತೆರೆದು, ಕಂಪ್ರೆಸರಿಗೆ ಹೋಗುವ ವೈರಿನ ಕೊಂಡಿಯನ್ನು ಕಳಚಿ, ಮೀಟರಿನ ಎರಡು ಮೊನೆಗಳನ್ನು ಅದರೊಳಗೆ ಚುಚ್ಚಿ ನೋಡಿದನು. 13.6 ವೋಲ್ಟ್ ಎಂದಿತು ಮೀಟರು. “ಕರೆಂಟ್ ಸರಿಯಾಗಿ ಬರುತ್ತಿದೆ ಸರ್. ಕರೆಂಟ್ ಬಂದರೂ ಕೆಲಸ ಮಾಡದಿದ್ದರೆ ಕಂಪ್ರೆಸರೇ ಹೋಗಿದೆಯೆಂದು ಲೆಕ್ಕ” ಎಂದನು. ಹೊಸ ಕಂಪ್ರೆಸರ್, ಹೊಸ ಗ್ಯಾಸ್, ಕೂಲಿ ಎಲ್ಲ ಸೇರಿ 28,000 ರೂಪಾಯಿ. ಮಾಸ್ತರರು ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದರು. ಅದು ಆ ಮನೆಯಲ್ಲಿ ಔಷಧಕ್ಕೂ ಆಸ್ಪತ್ರೆಯ ಓಡಾಟಕ್ಕೂ ಎತ್ತಿಟ್ಟಿದ್ದ ಹಣಕ್ಕೆ ಹತ್ತಿರದ ಮೊತ್ತ.

ಕೊಡಬಾರದೆಂದಲ್ಲ, ಕೊಟ್ಟರೆ ಸರಿಹೋಗುವುದೆಂಬ ನಂಬಿಕೆ ಅವರಿಗೆ ಹುಟ್ಟಲಿಲ್ಲ. ಮುಂಜಾನೆ ದುಡಿಯುವ ಯಂತ್ರ, ಸಂಜೆ ದುಡಿಯುವ ಯಂತ್ರ, ಮಧ್ಯಾಹ್ನ ಮಾತ್ರ ಸತ್ತಿರುವುದೆಂದರೇನು? ವೈದ್ಯರು ಬಂದೊಡನೆ ಇಳಿಯುವ ಮಕ್ಕಳ ಜ್ವರದಂತೆ ಇದು ಕಾರ್ಖಾನೆಯ ಬಾಗಿಲಿನಲ್ಲಿ ಸದಾ ಸರಿಯಾಗಿರುತ್ತಿತ್ತು. ಬಂದು ಹೋಗುವ ದೋಷಕ್ಕಿಂತ ಬಂದು ನಿಲ್ಲುವ ದೋಷವೇ ಮೇಲೆಂದು ಯಾವ ಮಿಸ್ತ್ರಿಯೂ ಒಪ್ಪುವನು.

ಯಂತ್ರವನ್ನು ಬಲ್ಲವರು ಕ್ಷಮಿಸಬೇಕು, ಬಲ್ಲದವರಿಗಾಗಿ ಎರಡು ಮಾತು. ಕಾರು ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊರಕ್ಕೆ ಸಾಗಿಸುತ್ತದೆ. ಆ ಸಾಗಣೆಯ ಹಮಾಲನೇ ಕಂಪ್ರೆಸರ್. ಎಂಜಿನ್ನಿನಿಂದ ಬಂದ ಬೆಲ್ಟು ಅದರ ರಾಟೆಯನ್ನು ಹಗಲಿರುಳೂ ತಿರುಗಿಸುತ್ತಿರುತ್ತದೆ. ರಾಟೆ ತಿರುಗಿದ ಮಾತ್ರಕ್ಕೆ ಕಂಪ್ರೆಸರ್ ದುಡಿಯಬೇಕಾಗಿಲ್ಲ. ರಾಟೆಯ ಮುಂದೆ ಕೈಯುಗುರಿನ ದಪ್ಪದಷ್ಟು ಸಂದು ಬಿಟ್ಟು ಒಂದು ಉಕ್ಕಿನ ತಟ್ಟೆಯಿದೆ. ರಾಟೆಯ ಒಡಲಿನಲ್ಲಿ ತಾಮ್ರದ ತಂತಿಯ ಸುರುಳಿಯಿದೆ. ಅದಕ್ಕೆ ವಿದ್ಯುತ್ ಹರಿದಾಗ ಅದು ಅಯಸ್ಕಾಂತವಾಗಿ ತಟ್ಟೆಯನ್ನು ಎಳೆದುಕೊಳ್ಳುತ್ತದೆ. ಆಗ ಕೇಳುವುದೇ “ಟಕ್” ಎಂಬ ಸಪ್ಪಳ. ಆ ಕ್ಷಣದಿಂದ ರಾಟೆಯೊಡನೆ ಕಂಪ್ರೆಸರೂ ತಿರುಗುತ್ತದೆ. ವಿದ್ಯುತ್ ನಿಂತರೆ ಇನ್ನೊಂದು ಟಕ್, ತಟ್ಟೆ ದೂರ ಸರಿಯುತ್ತದೆ. ಇದಕ್ಕೆ ಕ್ಲಚ್ ಎಂದು ಹೆಸರು. ಅಮೆರಿಕದ ಪ್ಯಾಕರ್ಡ್ ಕಂಪನಿಯು 1940ರ ಮಾದರಿಯ ಕಾರುಗಳಲ್ಲಿ ಮೊತ್ತಮೊದಲು ಹವಾನಿಯಂತ್ರಣವನ್ನು ಮಾರಿದಾಗ ಈ ಕ್ಲಚ್ ಇರಲಿಲ್ಲ. ತಂಪು ಬೇಡವಾದರೆ ಮಾಲೀಕನು ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ಎತ್ತಿ, ಬೆಲ್ಟನ್ನು ಕೈಯಾರೆ ಕಳಚಬೇಕಾಗಿತ್ತು. ಶ್ರೀಮಂತರ ಪಾಡೂ ಒಮ್ಮೊಮ್ಮೆ ಹೀಗಿರುತ್ತದೆ.

ಇಂದಿನ ಕಾರಿನಲ್ಲಿ ನಾವು ಗುಂಡಿ ಒತ್ತುವುದು ಆಜ್ಞೆಯಲ್ಲ, ಅರ್ಜಿ. ಆ ಅರ್ಜಿಯು ಸರಕಾರಿ ಕಚೇರಿಯ ಕಡತದಂತೆ ಮೇಜಿನಿಂದ ಮೇಜಿಗೆ ಹೋಗುತ್ತದೆ. ಕೊಳವೆಯ ಒತ್ತಡ ತೀರ ಕಡಿಮೆಯೂ ಅಲ್ಲ, ತೀರ ಹೆಚ್ಚೂ ಅಲ್ಲ ಎಂದು ಒಬ್ಬನು ರುಜು ಹಾಕಬೇಕು. ಒಳಗಿನ ತಂಪು ಪೆಟ್ಟಿಗೆ ಮಂಜುಗಟ್ಟುವಷ್ಟು ತಣ್ಣಗಾಗಿಲ್ಲವೆಂದು ಇನ್ನೊಬ್ಬನು. ಎಂಜಿನ್ ಅತಿಯಾಗಿ ಕಾದಿಲ್ಲವೆಂದು ಮತ್ತೊಬ್ಬನು. ಚಾಲಕನು ಎಕ್ಸಿಲರೇಟರನ್ನು ಪೂರ್ತಿ ಒತ್ತಿಲ್ಲವೆಂದು ಮಗುದೊಬ್ಬನು. ಒತ್ತಿದ್ದರೆ ಎಂಜಿನ್ನಿನ ಬಲವೆಲ್ಲ ಚಕ್ರಗಳಿಗೆ ಬೇಕಾಗಿರುವುದರಿಂದ ಕೆಲವು ಕ್ಷಣ ಕಂಪ್ರೆಸರಿಗೆ ರಜೆ. ಎಲ್ಲ ರುಜುಗಳೂ ಬಿದ್ದ ಮೇಲೆ ಎಂಜಿನ್ನಿನ ಗಣಕವು ರಿಲೇ ಎಂಬ ಪುಟ್ಟ ಡಬ್ಬಿಗೆ ಅಪ್ಪಣೆ ಕೊಡುತ್ತದೆ. ರಿಲೇ ಕ್ಲಚ್ಚಿಗೆ ವಿದ್ಯುತ್ ಬಿಡುತ್ತದೆ. ಕಡತ ಯಾವ ಮೇಜಿನ ಮೇಲೆ ಕುಳಿತಿದೆಯೆಂದು ವಿಚಾರಿಸದೆ ಕಂಪ್ರೆಸರನ್ನು ಬದಲಾಯಿಸುವುದೆಂದರೆ, ಗುಮಾಸ್ತನ ತಪ್ಪಿಗೆ ಸಾಹೇಬರನ್ನು ವರ್ಗ ಮಾಡಿದಂತೆ.

ಮಾಸ್ತರರು ಶಾಲೆಯ ದಿನಗಳ ಅಭ್ಯಾಸದಂತೆ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು ಗೆರೆಯೆಳೆದರು. ದಿನಾಂಕ, ಹೊರಟ ವೇಳೆ, ಹೊರಗಿನ ಉಷ್ಣತೆ, ತಂಪು ನಿಂತ ಸ್ಥಳ, ಮರಳಿ ಬಂದ ವೇಳೆ. ಕೊನೆಯ ಅಂಕಣಕ್ಕೆ “ಟಕ್” ಎಂದು ಹೆಸರು. ರಸ್ತೆಯ ಕಡೆ ಕಣ್ಣಿಟ್ಟವರಿಗೆ ಆ ಸಪ್ಪಳ ಕೇಳುವುದು ಕಷ್ಟ. ಆ ಅಂಕಣವನ್ನು ತುಂಬಿದವರು ಪಕ್ಕದ ಆಸನದಲ್ಲಿ ಕಣ್ಣು ಮುಚ್ಚಿ ಒರಗಿರುತ್ತಿದ್ದ ಆಕೆ. ದಣಿದವರಿಗೆ ನಿದ್ರೆ ಬಾರದಿದ್ದಾಗ ಕಿವಿ ಬಹಳ ಸೂಕ್ಷ್ಮವಾಗುತ್ತದೆ. “ಈಗ ಒಂದು… ಈಗ ಇನ್ನೊಂದು” ಎಂದು ಆಕೆ ಬೆರಳು ಮಡಿಸುತ್ತಿದ್ದರು. ಬಾಯಾರಿಕೆಯನ್ನು ಮರೆಯಲು ಅದೊಂದು ಉಪಾಯವೂ ಆಗಿತ್ತು.

ಎರಡು ವಾರ, ಆರು ಪ್ರಯಾಣ. ಅವುಗಳಲ್ಲಿ ನಾಲ್ಕು ಸಲ ತಂಪು ಕೈಕೊಟ್ಟಿತ್ತು. ನಾಲ್ಕೂ ಸಲ ಮರಳಿ ಬರುವಾಗ, ನಾಲ್ಕೂ ಸಲ ಸೇತುವೆಯ ಆಸುಪಾಸಿನಲ್ಲಿ. ಕಾರಣ ಹುಡುಕಿದರೆ ನದಿಯ ಪಾತ್ರವೇನೂ ಇರಲಿಲ್ಲ. ಸೇತುವೆಯ ಮೇಲೆ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ತಡವಾದೀತೆಂದು ಮಾಸ್ತರರು ಅದಕ್ಕೆ ಮುಂಚೆಯೇ ಎಕ್ಸಿಲರೇಟರನ್ನು ನೆಲಕ್ಕೊತ್ತಿ ಅವನ್ನು ಹಿಂದೆ ಹಾಕುತ್ತಿದ್ದರು. ಹೆಂಡತಿ ಬೇಗ ಮನೆ ಸೇರಲೆಂಬ ಅವಸರ. ಆ ಅವಸರದಲ್ಲಿ ಗಣಕವು ಕಂಪ್ರೆಸರಿಗೆ ರಜೆ ಕೊಡುತ್ತಿತ್ತು, ರಜೆಗೆ ಹೋದ ಕಂಪ್ರೆಸರ್ ಕೆಲಸಕ್ಕೆ ಮರಳುತ್ತಿರಲಿಲ್ಲ. ತಂಪು ಉಳಿದುಕೊಂಡ ಎರಡು ದಿನ ರಸ್ತೆಯಲ್ಲಿ ಲಾರಿಗಳೇ ಇರಲಿಲ್ಲ.

ಪರಿಚಿತರೊಬ್ಬರು ಕಲಬುರಗಿಯ ಹೊರವಲಯದ ಉಸ್ತಾದರೊಬ್ಬರ ಗುರುತು ಹೇಳಿದರು. ಬೇವಿನ ಮರದ ಕೆಳಗೆ ತಗಡಿನ ಚಪ್ಪರ, ಮೂರು ಜನ ಹುಡುಗರು, ಒಂದು ಕಬ್ಬಿಣದ ಕಪಾಟು. ಇಷ್ಟೇ ಅವರ ಕಾರ್ಖಾನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಸೋಮವಾರ ಮಧ್ಯಾಹ್ನ ಮರಳುವಾಗ ಕಾರನ್ನು ಅವರ ಮರದ ನೆರಳಿಗೆ ತಂದು ನಿಲ್ಲಿಸಲಾಯಿತು. ಉಸ್ತಾದರು ಬಾನೆಟ್ ಎತ್ತಲಿಲ್ಲ. ನೋಟ್‌ಬುಕ್ಕನ್ನು ಇಸಿದುಕೊಂಡು ಬೆರಳಿಟ್ಟು ನಿಧಾನವಾಗಿ ಓದಿದರು. ಆಮೇಲೆ ಕಿಟಕಿಯ ಬಳಿ ಬಂದು ಆಕೆಯನ್ನೇ ಕೇಳಿದರು:

“ಅಮ್ಮಾರೇ, ನಿಲ್ಲೂದಕ್ಕ ಮುಂಚೆ ಟಕ್ ಟಕ್ ಅಂತ ಗಡಿಬಿಡಿ ಮಾಡ್ತದೇನ್ರೀ?”

“ಇಲ್ಲಪಾ. ಹೋಗೂವಾಗ ಒಂದ ಸಲ ಟಕ್ ಅಂತ ಹೇಳಿ ಹೋಗ್ತದ. ಬರೂ ಟಕ್ ಬರಂಗಿಲ್ಲ.”

ಉಸ್ತಾದರು ತಲೆಯಾಡಿಸಿದರು. ಅರ್ಧ ರೋಗ ಅಲ್ಲಿಯೇ ಬಯಲಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು. ಗ್ಯಾಸ್ ಕಡಿಮೆಯಿದ್ದರೆ ಕ್ಲಚ್ಚು ಕೆಲವು ಕ್ಷಣಕ್ಕೊಮ್ಮೆ ಹಿಡಿದು ಬಿಟ್ಟು ಚಡಪಡಿಸುತ್ತದೆ. ಫ್ಯೂಸು ಸುಟ್ಟಿದ್ದರೆ ಸಂಜೆಗೆ ತಾನಾಗಿ ಸರಿಹೋಗುವುದಿಲ್ಲ. ಮುಂದಿನ ಫ್ಯಾನು ಕೆಟ್ಟಿದ್ದರೆ ಓಡುವಾಗ ತಂಪಾಗಿದ್ದು, ನಿಂತಾಗ ಬಿಸಿಯಾಗಬೇಕು. ಒಳಗಿನ ಬ್ಲೋವರು ಕೆಟ್ಟಿದ್ದರೆ ಗಾಳಿಯೇ ಬಾರದು, ಅಥವಾ ಅತಿ ವೇಗದ ಒಂದೇ ಮೆಟ್ಟಿಲಿನಲ್ಲಿ ಬರುವುದು. ಇವಾವುವೂ ಇಲ್ಲ. ಹೋದದ್ದು ಮರಳುವುದಿಲ್ಲ, ಅದೂ ಕಾದಾಗ ಮಾತ್ರ. “ಬುಧವಾರ ಅಮ್ಮಾರನ್ನ ದವಾಖಾನಿಗೆ ಬಿಟ್ಟು ಗಾಡಿ ಇಲ್ಲಿ ತರ್ರಿ ಮಾಸ್ತರ್ರೇ. ಅದು ಕೆಡೂ ತನಕ ಕಾಯೋಣ. ಕೆಡಲಾರದ ಗಾಡಿ ಬಿಚ್ಚಿ ನಾ ಏನ್ ನೋಡ್ಲಿ?” ಎಂದರು.

ಕೆಡುವ ತನಕ ಕಾಯುವುದು! ದೊಡ್ಡ ಕಾರ್ಖಾನೆಗೂ ಈ ಮರದ ನೆರಳಿಗೂ ಇರುವ ವ್ಯತ್ಯಾಸ ಇದೊಂದೇ ಎನ್ನಬಹುದು. ಅಲ್ಲಿಯ ತರುಣನು ಮೋಸಗಾರನಲ್ಲ, ದಡ್ಡನೂ ಅಲ್ಲ. ಹೊಸ ಕಂಪ್ರೆಸರಿಗೆ ಬಿಲ್ಲು ಬರೆಯಬಹುದು. ಮೂರು ಗಂಟೆ ಸುಮ್ಮನೆ ಕುಳಿತು ಕಾದುದಕ್ಕೆ ಬಿಲ್ಲಿನಲ್ಲಿ ಸಾಲು ಯಾವುದು? ಸಾಲಿಲ್ಲದ ಕೆಲಸವನ್ನು ಮಾಡೆಂದು ಅವನಿಗೆ ಯಾರೂ ಹೇಳಿರಲಾರರು.

ಬುಧವಾರ ಬೆಳಗ್ಗೆ ಎಂಟೂವರೆಗೆ ಕಾರು ಬಂದಿತು. ಹನ್ನೆರಡಕ್ಕೆ ಆಕೆಯ ಡಯಾಲಿಸಿಸ್ ಮುಗಿಯುವುದು, ಅಷ್ಟರೊಳಗೆ ಗಾಡಿ ಆಸ್ಪತ್ರೆಯ ಬಾಗಿಲಿನಲ್ಲಿರಬೇಕು. ಉಸ್ತಾದರು ಮೊದಲು ಎಂಜಿನ್ನು ಆರಲೆಂದು ಬಿಟ್ಟು, ಕ್ಲಚ್ಚಿನ ಸುರುಳಿಯ ಕೊಂಡಿ ಕಳಚಿ ಅದರ ವಿದ್ಯುನ್ನಿರೋಧವನ್ನು ಅಳೆದರು. 3.6 ಓಮ್. ಹುಡುಗನೊಬ್ಬನು ಕೂಗಿ ಹೇಳಿದುದನ್ನು ಮಾಸ್ತರರು ಬರೆದುಕೊಂಡರು. ರಿಲೇಯನ್ನು ಕಿತ್ತು, ಅದೇ ಬಗೆಯ ಹಾರ್ನಿನ ರಿಲೇಯನ್ನು ಅದರ ಸ್ಥಾನದಲ್ಲಿ ಕೂರಿಸಿ, ಅದರ ಮೇಲಿನ ಅನುಮಾನವನ್ನು ಮುಂದೆ ತೀರಿಸಿಕೊಳ್ಳಲು ಅಣಿಯಾದರು. ವೈರುಗಳನ್ನು ಇಲಿ ಕಡಿದಿದೆಯೇ ಎಂದು ಕೈಯಾಡಿಸಿದರು. ಬಾನೆಟ್ಟಿನ ಮೂಲೆಯಲ್ಲಿ ಯಾರೋ ಹೇಳಿದಂತೆ ಮಾಸ್ತರರೇ ಇಟ್ಟಿದ್ದ ಹೊಗೆಸೊಪ್ಪಿನ ಪೊಟ್ಟಣ ಸಿಕ್ಕಿತು. ಇಲಿ ಮಾತ್ರ ಸಿಕ್ಕಲಿಲ್ಲ. ಅನಂತರ ಕಾರನ್ನು ಬಿಸಿಲಿಗೆ ತಳ್ಳಿ, ಎಂಜಿನ್ ಚಾಲೂ ಮಾಡಿ, ಗುಂಡಿ ಒತ್ತಿ, ಬಾನೆಟ್ ಮುಚ್ಚಿದರು. ಕಾಲು ಗಂಟೆಗೊಮ್ಮೆ ಗುಂಡಿಯನ್ನು ಆರಿಸಿ ಮತ್ತೆ ಒತ್ತುವುದು, ಟಕ್ ಕೇಳುವುದು, ಚಹಾ ಕುಡಿಯುವುದು.

ಹೀಗೆ ಕಾಯುತ್ತ ಕುಳಿತ ಮಾಸ್ತರರಿಗೆ ಹಳೆಯ ಪಾಠವೊಂದು ನೆನಪಾಯಿತು. ಜರ್ಮನಿಯ ಗೇಯೊರ್ಗ್ ಸೈಮನ್ ಓಮ್ ಬೀಗ ಮಾಡುವವನ ಮಗ, ಕೊಲೋನ್ ನಗರದ ಶಾಲೆಯೊಂದರ ಮಾಸ್ತರ. ತಂತಿಯಲ್ಲಿ ಹರಿಯುವ ವಿದ್ಯುತ್ತು ವೋಲ್ಟೇಜಿಗೆ ಅನುಪಾತದಲ್ಲಿಯೂ ನಿರೋಧಕ್ಕೆ ವಿಲೋಮವಾಗಿಯೂ ಇರುವುದೆಂದು ಅವನು 1827ರಲ್ಲಿ ಪುಸ್ತಕ ಬರೆದನು. ಅವನ ದೇಶದ ಪಂಡಿತರು ಅದನ್ನು ಆದರದಿಂದ ನೋಡಲಿಲ್ಲ, ಅವನು ಕೆಲಸವನ್ನೇ ಬಿಟ್ಟನು. ಲಂಡನ್ನಿನ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂದುದು 1841ರಲ್ಲಿ. ಮ್ಯೂನಿಕ್ಕಿನಲ್ಲಿ ಬಯಸಿದ ಪ್ರಾಧ್ಯಾಪಕ ಪೀಠ ದೊರೆತದ್ದು 1852ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮುಂಚೆ. ಈ ಕತೆಯನ್ನು ಮಾಸ್ತರರು 32 ವರ್ಷ, ಪ್ರತಿ ವರ್ಷವೂ, ಮಕ್ಕಳಿಗೆ ಹೇಳಿದ್ದರು. ಸೂತ್ರವನ್ನು ಕರಿಹಲಗೆಯ ಮೇಲೆ ಬರೆದಿದ್ದರು. ಅದರ ಲೆಕ್ಕಗಳೆಲ್ಲ ಪುಸ್ತಕದ ಬ್ಯಾಟರಿಗಳಿಗೂ ಪುಸ್ತಕದ ತಂತಿಗಳಿಗೂ ಸೇರಿದವು. ಎಂದೂ ಯಾರಿಗೂ ಬಿಸಿಲು ತಾಕಿದ ಲೆಕ್ಕಗಳಲ್ಲ.

ಮೂರು ಸಲ ಟಕ್ ಬಂದಿತು, ನಾಲ್ಕು ಸಲ ಬಂದಿತು. ಹತ್ತೂವರೆ ಕಳೆಯಿತು. ಮಾಸ್ತರರು ಗಡಿಯಾರ ನೋಡಿಕೊಳ್ಳತೊಡಗಿದರು. ಹತ್ತು ಮುಕ್ಕಾಲಿಗೆ ಗುಂಡಿ ಆರಿಸಿ ಒತ್ತಿದಾಗ ದೀಪ ಹತ್ತಿತು, ಟಕ್ ಇಲ್ಲ. ಹಾರ್ನಿನ ರಿಲೇಯೇ ಅಲ್ಲಿದ್ದುದರಿಂದ ಹಳೆಯ ರಿಲೇ ಮೊದಲ ಆರೋಪಿಯ ಪಟ್ಟದಿಂದ ಬಿಡುಗಡೆಯಾಯಿತು. “ಬಂತ್ ನೋಡ್ರಿ” ಎಂದು ಉಸ್ತಾದರು, ನೆಂಟರು ಬಂದವರಂತೆ ಸಂತೋಷದಿಂದ ಎದ್ದರು.

ಅವರು ಕೊಂಡಿಯನ್ನು ಕಳಚಲಿಲ್ಲ. ಅದು ಕೂಡಿದ್ದಂತೆಯೇ ಹಿಂದಿನಿಂದ ಸೂಜಿಯಂಥ ಮೊನೆಗಳನ್ನು ತೂರಿಸಿ ಮೀಟರು ಹಿಡಿದರು. ಎಲ್ಲ ಮರ್ಮವೂ ಇಲ್ಲಿಯೇ ಇದೆ. ಕೊಂಡಿ ಕಳಚಿದಾಗ ತಂತಿಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಹರಿಯದಿದ್ದರೆ ದಾರಿಯ ತುಕ್ಕು, ಸಡಿಲ, ಸವೆತ ಯಾವುದೂ ವೋಲ್ಟೇಜನ್ನು ಕಬಳಿಸುವಂತಿಲ್ಲ. ಹತ್ತು ಎಳೆಗಳಲ್ಲಿ ಒಂಬತ್ತು ಹರಿದಿದ್ದರೂ ಮೀಟರು 13.6 ಎಂದೇ ಹೇಳುವುದು. ಅದು ಸುಳ್ಳಲ್ಲ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ. ಮದುವೆ ಗೊತ್ತಾಗುವವರೆಗೆ ಎಲ್ಲ ಬಂಧುಗಳೂ “ನಾವಿದ್ದೇವೆ” ಎನ್ನುವವರೇ. ಹಂಡೆ ಎತ್ತುವ ಹೊತ್ತಿಗೆ ಉಳಿದವರೆಷ್ಟೆಂದು ನೋಡಬೇಕು. ದೊಡ್ಡ ಕಾರ್ಖಾನೆಯ ತರುಣನು ಹಂಡೆ ಎತ್ತಿಸದೆ ಎಣಿಸಿದ್ದನು.

ಬ್ಯಾಟರಿಯ ಮೇಲೆ 13.7 ವೋಲ್ಟ್. ಸುರುಳಿಯ ಎರಡು ತುದಿಗಳ ನಡುವೆ 12.3.

“ಉಳಿದ 1.4 ಎಲ್ಲಿ ಹೋಯಿತು?” ಎಂದು ಮಾಸ್ತರರು ತರಗತಿಯ ಧ್ವನಿಯಲ್ಲಿ ಕೇಳಿಯೇಬಿಟ್ಟರು. ಹುಡುಗರು ಪರಸ್ಪರ ಮುಖ ನೋಡಿದರು. ಉಸ್ತಾದರು ಕಪ್ಪು ತಂತಿಯ ಬೆನ್ನು ಹತ್ತಿ ಹೋದರು. ಅದು ಗಾಡಿಯ ಮೈಗೆ ಬಿಗಿದಿದ್ದ ಬೋಲ್ಟಿನವರೆಗೆ ಹೋಗಿ ಒಂದು ಮೊನೆಯನ್ನಿಟ್ಟು, ಇನ್ನೊಂದನ್ನು ಸುರುಳಿಯ ಕಡೆಯ ತುದಿಗಿಟ್ಟರೆ ಏನೂ ಇಲ್ಲ. ಬೋಲ್ಟಿನಿಂದ ಬ್ಯಾಟರಿಯ ಋಣ ತುದಿಗೆ ಹಿಡಿದರೆ 0.9 ವೋಲ್ಟ್! ಒಂದು ವೋಲ್ಟಿನ ಐದನೆಯ ಒಂದು ಪಾಲಿಗಿಂತ ಹೆಚ್ಚಿರಬಾರದ ಜಾಗವದು. ಬೋಲ್ಟಿನ ತಲೆ ಹೊಳೆಯುತ್ತಿತ್ತು, ಬುಡದಲ್ಲಿ ತುಕ್ಕು ಬಿಳಿಯಾಗಿ ಉಬ್ಬಿತ್ತು. ಮಿಕ್ಕ 0.5 ರಿಲೇ, ಫ್ಯೂಸು, ಕೆಂಪು ತಂತಿಗಳ ಸುಂಕ. ಹಳೆಯ ಗಾಡಿಗೆ ಅಷ್ಟನ್ನು ಕ್ಷಮಿಸಬಹುದು.

ಇಷ್ಟಕ್ಕೇ ತೃಪ್ತರಾಗಿ ಬೋಲ್ಟನ್ನು ಉಜ್ಜಿ ಕಳುಹಿಸುವ ಮಿಸ್ತ್ರಿಗಳೂ ಇದ್ದಾರೆ. ಅದು ತಂಪು ಮರಳಿಸುತ್ತಿತ್ತು, ಬಹುಶಃ ಮೇ ತಿಂಗಳ ಎರಡನೆಯ ವಾರದವರೆಗೆ. ಉಸ್ತಾದರು ಎಂಜಿನ್ ಆರಿಸಿ, ಕಾದಿದ್ದ ಸುರುಳಿಯ ನಿರೋಧವನ್ನು ಮತ್ತೆ ಅಳೆದರು. ಬೆಳಗ್ಗೆ 3.6 ಇದ್ದುದು ಈಗ 4.7. ತಾಮ್ರವು ಕಾದಂತೆಲ್ಲ ಅದರ ನಿರೋಧವು ಡಿಗ್ರಿಯೊಂದಕ್ಕೆ ನೂರಕ್ಕೆ 0.4ರಷ್ಟು ಏರುವುದೆಂಬುದು ಮಾಸ್ತರರಿಗೆ ಬಾಯಿಪಾಠ. ನೋಟ್‌ಬುಕ್ಕಿನ ಅಂಚಿನಲ್ಲಿ ಲೆಕ್ಕ ಹಾಕಿದರು: ಸುರುಳಿಯ ಉಷ್ಣತೆ ನೂರು ಡಿಗ್ರಿಯನ್ನು ದಾಟಿದೆ. ತಂಪಾಗಿದ್ದಾಗ 3.3 ಆಂಪಿಯರ್ ಹರಿಯುತ್ತಿದ್ದ ವಿದ್ಯುತ್ತು ಈಗ 2.6ಕ್ಕೆ ಇಳಿದಿದೆ. ಅಯಸ್ಕಾಂತದ ಎಳೆತವು ವಿದ್ಯುತ್ತಿನ ವರ್ಗಕ್ಕೆ ಅನುಸಾರವಾಗಿರುವುದರಿಂದ ಬಲ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿಗೆ ಕುಸಿದಿದೆ. ಹಾಗಿದ್ದರೂ ಸುರುಳಿ ಕಾಯುವುದು ಎಲ್ಲ ಕಾರುಗಳಲ್ಲಿಯೂ ಇದ್ದದ್ದೇ. ಉಳಿದ ಕಾರುಗಳಲ್ಲಿ ತಟ್ಟೆ ಹಿಡಿಯುವುದಿಲ್ಲವೇ?

ಉಸ್ತಾದರು ಮತ್ತೆ ಎಂಜಿನ್ ಚಾಲೂ ಮಾಡಿಸಿ ಗುಂಡಿ ಒತ್ತಿಸಿದರು. ಟಕ್ ಇಲ್ಲ. ಹುಡುಗರನ್ನು ದೂರ ಸರಿಸಿ, ಉದ್ದನೆಯ ಮರದ ಕೋಲಿನ ತುದಿಯಿಂದ ಆ ಉಕ್ಕಿನ ತಟ್ಟೆಯನ್ನು ಒಂದಿಷ್ಟು ಒಳಕ್ಕೆ ಒತ್ತಿದರು. (ತಿರುಗುವ ಬೆಲ್ಟಿನ ಬಳಿ ಮಾಡುವ ಈ ಪರೀಕ್ಷೆಯನ್ನು ಗೃಹಸ್ಥರು ಯಾವ ಕಾರಣಕ್ಕೂ ಮಾಡತಕ್ಕದ್ದಲ್ಲ.) ಟಕ್! ತಟ್ಟೆ ಹಿಡಿಯಿತು. ಕೋಲು ತೆಗೆದರೂ ಬಿಡಲಿಲ್ಲ. ಹತ್ತಿರವಿದ್ದುದನ್ನು ಹಿಡಿದುಕೊಳ್ಳಲು ಬಲವಿದೆ, ದೂರವಿದ್ದುದನ್ನು ಎಳೆದುಕೊಳ್ಳಲು ಇಲ್ಲ. ಹೋಗುವ ಟಕ್ ಕೇಳಿ ಬರುವ ಟಕ್ ಕೇಳದಿದ್ದುದರ ಅರ್ಥ ಇದೇ ಆಗಿತ್ತು. ಹನ್ನೊಂದು ವರ್ಷ ಬಡಿದು ಸರಿದು ತಟ್ಟೆಯ ಮುಖ ಸವೆದು, ಸಂದು ಅಗಲವಾಗಿತ್ತು. ಎಂಜಿನ್ ನಿಲ್ಲಿಸಿ ತೆಳುತಗಡಿನ ಅಳತೆಗಳನ್ನು ತೂರಿಸಿ ನೋಡಿದರೆ 0.8 ಮಿಲಿಮೀಟರು. ಇರಬೇಕಾದುದು ಅದರ ಅರ್ಧದಷ್ಟು.

ಬೋಲ್ಟೂ ಕಳ್ಳ, ಬಿಸಿಯೂ ಕಳ್ಳ, ಸಂದೂ ಕಳ್ಳ. ಒಬ್ಬೊಬ್ಬರೇ ಬಂದಿದ್ದರೆ ಮನೆಯವರಿಗೆ ತಿಳಿಯುತ್ತಲೇ ಇರಲಿಲ್ಲ.

ಆಮೇಲಿನ ಕೆಲಸ ಅರ್ಧ ಗಂಟೆಯದು. ತಟ್ಟೆಯನ್ನು ಬಿಚ್ಚಿ ಅದರ ಹಿಂದಿದ್ದ ತೆಳುವಾದ ವಾಷರುಗಳಲ್ಲಿ ಒಂದನ್ನು ತೆಗೆದು ಮತ್ತೆ ಬಿಗಿದರು. ಸಂದು 0.45ಕ್ಕೆ ಬಂದಿತು. ಬೋಲ್ಟಿನ ಬುಡವನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಹೊಸ ವಾಷರು ಹಾಕಿ, ಗ್ರೀಸು ಸವರಿದರು. ಹಾರ್ನಿಗೆ ಅದರ ರಿಲೇಯನ್ನು ಮರಳಿ ಕೊಟ್ಟು, ಕ್ಲಚ್ಚಿಗೆ ಹೊಸದನ್ನು ಹಾಕಿದರು. ಇನ್ನೂ ಬಿಸಿಯಾಗಿದ್ದ ಗಾಡಿಯಲ್ಲಿ ಗುಂಡಿಯನ್ನು ಹತ್ತು ಸಲ ಆರಿಸಿ ಹತ್ತು ಸಲ ಒತ್ತಿದರು. ಹತ್ತು ಸಲವೂ ಟಕ್. ಬೋಲ್ಟಿನ ಬಳಿ ಕಳೆದುಹೋಗುತ್ತಿದ್ದ 0.9 ವೋಲ್ಟ್ ಈಗ 0.1ಕ್ಕೂ ಕಡಿಮೆ.

ರಿಲೇಗೆ 150, ಕೂಲಿ 700. ಮಾಸ್ತರರು ಸಾವಿರದ ಮೇಲೆ ಇನ್ನೂ ಐನೂರು ಇಟ್ಟು ಕೈಮುಂದೆ ಹಿಡಿದರು. ಉಸ್ತಾದರು ಎಂಟುನೂರೈವತ್ತನ್ನು ಎಣಿಸಿಕೊಂಡು ಉಳಿದುದನ್ನು ತಿರುಗಿ ಕೊಟ್ಟರು. “ಅಮ್ಮಾರು ಟಕ್ ಎಣಿಸಿಲ್ಲಂದ್ರ ನಾನೂ ಗ್ಯಾಸ್ ತುಂಬಿ ಕಳಿಸ್ತಿದ್ದೆ ಮಾಸ್ತರ್ರೇ” ಎಂದರು. ವಿನಯದ ಮಾತಿರಬಹುದು. ಆದರೆ ನೋಟ್‌ಬುಕ್ಕಿನ ಲೆಕ್ಕವನ್ನು ಮಾತ್ರ ತಮ್ಮ ಹುಡುಗರಿಗೆ ತಿಳಿಸಿ ಹೋಗಬೇಕೆಂದು ಕೇಳಿಕೊಂಡರು. ಹನ್ನೊಂದೂ ಮುಕ್ಕಾಲಾಗಿತ್ತು. ಮಾಸ್ತರರು ಕಬ್ಬಿಣದ ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಅರ್ಧ ಲೆಕ್ಕ ಬರೆದು, ಉಳಿದರ್ಧವನ್ನು ಶುಕ್ರವಾರಕ್ಕೆ ಇಟ್ಟು ಆಸ್ಪತ್ರೆಗೆ ಧಾವಿಸಿದರು.

ಆ ಮಧ್ಯಾಹ್ನ ಹೊರಗೆ 42 ಡಿಗ್ರಿ. ಸೇತುವೆಗೆ ಮುಂಚೆ ಹತ್ತಿ ಹೇರಿದ ಲಾರಿಯೊಂದು ಅಡ್ಡವಿತ್ತು. ಮಾಸ್ತರರು ಒಂದು ಕ್ಷಣ ಅನುಮಾನಿಸಿ, ಎಕ್ಸಿಲರೇಟರನ್ನು ಒತ್ತಿ ಅದನ್ನು ಹಿಂದೆ ಹಾಕಿದರು. ಸೇತುವೆ ಬಂದಿತು, ಹೋಯಿತು. ಕಿಂಡಿಗೆ ಕೈಯೊಡ್ಡಿದರೆ ತಣ್ಣಗಿತ್ತು. ಟಕ್ ಎಷ್ಟು ಬಂದವೆಂದು ಕೇಳಲು ಪಕ್ಕಕ್ಕೆ ತಿರುಗಿದರು. ಆಕೆ ಬಾಯಿ ತುಸು ತೆರೆದು, ಸೆರಗನ್ನು ಕತ್ತಿನವರೆಗೆ ಹೊದ್ದು, ಗಾಢವಾಗಿ ನಿದ್ರಿಸುತ್ತಿದ್ದರು. ಆ ದಿನದ ಕೊನೆಯ ಅಂಕಣ ನೋಟ್‌ಬುಕ್ಕಿನಲ್ಲಿ ಖಾಲಿಯಿದೆ.